ಧನುರ್ಮಾಸದ ಬೆಳಿಗ್ಗೆ ಮಿನಿ ಟ್ರ್ಯಾಕ್ಟರ್ ಏಳ್ತಿಲ್ಲ, ಬರೀ ಬಿಳಿ ಹೊಗೆ

ಹೊಸನಗರದ ಅಡಿಕೆಮರ
ಡಿಸೆಂಬರ್ 18, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ತಲೆ ಕೆಟ್ಟು ಕೂತಿದೀನಿ, ಗೊತ್ತಿದ್ದವರು ದಾರಿ ಹೇಳಿ.

ನಮ್ಮದು 24 ಎಚ್‌ಪಿ ಮಿನಿ ಟ್ರ್ಯಾಕ್ಟರ್, ಮೂರು ಸಿಲಿಂಡರ್. ತಗೊಂಡು ಆರು ವರ್ಷ, ಮೀಟರ್‌ನಲ್ಲಿ 1,900 ಗಂಟೆ. ಕಂಪನಿ ಹೆಸರು ಬರೆಯಲ್ಲ, ಬರೆದ್ರೆ ನನ್ನ ಗಾಡಿ ಬಿಟ್ಟು ಯಾವ ಕಂಪನಿ ಒಳ್ಳೇದು ಅಂತ ಜಗಳ ಶುರುವಾಗುತ್ತೆ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಗಿ ಹತ್ತು ದಿನ ಆಯ್ತು. ಕೊನೆ ತೆಗೆಯೋರು ಏಳೂವರೆಗೆ ಬಂದು ನಿಲ್ತಾರೆ, ಗಾಡಿ ಏಳೋದು ಒಂಬತ್ತೂವರೆಗೆ. ಅಷ್ಟೊತ್ತಿಗೆ ಅವರಿಗೆ ಎರಡು ಸಲ ಕಾಫಿ ಆಗಿರುತ್ತೆ.

ಕೀ ತಿರುಗಿಸಿ ಹೀಟರ್ (ಎಂಜಿನ್ ಒಳಗೆ ಕಾಯೋ ಗ್ಲೋ ಪ್ಲಗ್) ಲೈಟ್ ಆರೋವರೆಗೂ ಕಾಯ್ತೀನಿ. ಸೆಲ್ಫ್ ಹೊಡೆದ್ರೆ ತಿರುಗುತ್ತೆ, ಆದ್ರೆ ಸ್ವಲ್ಪ ಎಳೆದೂ ಎಳೆದೂ. ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಕಣ್ಣು ಉರಿಯೋ ಹಸಿ ಡೀಸೆಲ್ ವಾಸನೆ. ಒಮ್ಮೊಮ್ಮೆ ಒಂದೇ ಒಂದು ಸಿಲಿಂಡರ್ ಡಬ್ ಡಬ್ ಅಂದು ಸುಮ್ಮನಾಗುತ್ತೆ. ಬಿಸಿಲು ಅಂಗಳಕ್ಕೆ ಇಳಿದು ಬಾನೆಟ್ ಬೆಚ್ಚಗಾದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಏಳುತ್ತೆ. ಆಮೇಲೆ ಸಂಜೆವರೆಗೂ ಒಂದು ಚೂರೂ ತೊಂದರೆ ಇಲ್ಲ.

ಇವತ್ತು ಜಗಲಿಯ ಥರ್ಮಾಮೀಟರ್ 12 ಡಿಗ್ರಿ ತೋರಿಸ್ತಿತ್ತು. ಪೇಟೆಯ ಮೆಕ್ಯಾನಿಕ್ ಒಬ್ಬರು ಗಾಡಿ ನೋಡದೆ ಫೋನಲ್ಲೇ "ಡೀಸೆಲ್ ಪಂಪ್ ಹೋಗಿದೆ, ಬಿಚ್ಚಿ ಕಳಿಸ್ಬೇಕು, ಹದಿನೆಂಟು ಸಾವಿರ" ಅಂದ್ರು. ಅಪ್ಪಯ್ಯ ಡೀಸೆಲ್ ಹೆಪ್ಪುಗಟ್ಟಿದೆ ಅಂತಾರೆ. ಯಾರ ಮಾತು ಕೇಳಲಿ?

ಟಿಲ್ಲರ್ ಪ್ರಿಯ
ಡಿಸೆಂಬರ್ 18, ಬೆಳಿಗ್ಗೆ 8:32

ಎಂಜಿನ್ ಆರಿಸೋ ಸ್ಟಾಪ್ ನಾಬ್ ಎಳೆದು ಹಾಗೇ ಬಿಟ್ಟಿದ್ದೀರಾ ನೋಡಿ. ನಗ್ಬೇಡಿ ಮಾರಾಯ್ರೇ. ಹೆಂಡ್ತಿ ಮನೆಯಲ್ಲಿ ಒಂದು ಗಂಟೆ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಿ ಕೂತಿದ್ದೆ. ಭಾವ ಹಲ್ಲುಜ್ಜುತ್ತಾ ಬಂದವರು ಒಂದೇ ಬೆರಳಲ್ಲಿ ನಾಬ್ ಒಳಗೆ ತಳ್ಳಿ, ಮಾತಾಡದೇ ಹೋದ್ರು. ಇವತ್ತಿಗೂ ಆ ಮನೆಯಲ್ಲಿ ನನ್ನನ್ನ ಟ್ರ್ಯಾಕ್ಟರ್ ಹತ್ತಿರ ಬಿಡಲ್ಲ.

ಕೊಪ್ಪೆಕಂಬಳಿ
ಡಿಸೆಂಬರ್ 18, ಬೆಳಿಗ್ಗೆ 9:05

ತಮ್ಮಾ, ನಾವು ಹಳೇ ಡೀಸೆಲ್ ಜೀಪು ಓಡಿಸಿದವರು. ಈ ಲೈಟು ಗೀಟು ಎಲ್ಲ ಆಗ ಇರ್ಲಿಲ್ಲ. ರಾತ್ರಿಯೇ ರೇಡಿಯೇಟರ್ ನೀರು ಬಿಟ್ಟಿಡೋದು. ಬೆಳಗಿನ ಜಾವ ಬಚ್ಚಲ ಹಂಡೆ ಹೇಗೂ ಕಾದಿರುತ್ತಲ್ಲ, ಎರಡು ಕೊಡ ಬಿಸಿನೀರು ಹೊಯ್ದು, ಒಂದು ಕವಳ ಹಾಕಿ ಮುಗಿಸೋವಷ್ಟು ಹೊತ್ತು ಬಿಟ್ಟು ಹ್ಯಾಂಡಲ್ ಹಾಕಿದ್ರೆ ಗಾಡಿ ಎದ್ದು ನಿಲ್ತಿತ್ತು.

ಇನ್ನೊಂದು ಮಾತು. ಮಲೆನಾಡಲ್ಲಿ ಇದ್ದುಕೊಂಡು ಗಾಡೀನ ಸಪಾಟು ಜಾಗದಲ್ಲಿ ನಿಲ್ಸೋನು ದಡ್ಡ. ಸಂಜೆ ದರೆ ಮೇಲೆ ನಿಲ್ಸು, ಬೆಳಿಗ್ಗೆ ಇಳಿಜಾರಿಗೆ ಬಿಟ್ಟು ಗೇರ್ ಹಾಕಿ ಕ್ಲಚ್ ಬಿಡು. ಅದೂ ಆಗ್ಲಿಲ್ಲ ಅಂದ್ರೆ ಬಟ್ಟೆಗೆ ಒಂಚೂರು ಪೆಟ್ರೋಲ್ ಹಾಕಿ ಏರ್ ಫಿಲ್ಟರ್ ಬಾಯಿಗೆ ಹಿಡಿ.

ಹದಿಮೂರರ ಸ್ಪ್ಯಾನರ್
ಡಿಸೆಂಬರ್ 18, ಬೆಳಿಗ್ಗೆ 9:20

ಪೆಟ್ರೋಲ್ ಬಟ್ಟೆ ಬೇಡ! ಹೀಟರ್ ಇರೋ ಗಾಡಿಗೆ ಈಥರ್ ಇರೋ ಸ್ಟಾರ್ಟಿಂಗ್ ಸ್ಪ್ರೇಯೂ ಬೇಡ. ಒಳಗೆ ಹೀಟರ್ ಕೆಂಪಗೆ ಕಾದಿರುತ್ತೆ, ಅದಕ್ಕೆ ಪೆಟ್ರೋಲ್ ಆವಿಯೋ ಈಥರ್ರೋ ತಗುಲಿದ್ರೆ ಪಿಸ್ಟನ್ ಮೇಲೆ ಬರೋ ಮೊದಲೇ ಹತ್ತಿಕೊಳ್ಳುತ್ತೆ. ಪಿಸ್ಟನ್ ಒಡೆದದ್ದು, ಕನೆಕ್ಟಿಂಗ್ ರಾಡ್ ಬಗ್ಗಿದ್ದು, ಗಾಳಿ ಒಳಗೆ ಹೋಗೋ ಕೊಳವೆ (ಇಂಟೇಕ್ ಮ್ಯಾನಿಫೋಲ್ಡ್) ಸಿಡಿದದ್ದು ಎಲ್ಲ ನೋಡಿದೀನಿ. ಅಣ್ಣ, ಮೊದಲು ಇದೊಂದು ಮಾತು ತಲೆಗೆ ಹಾಕ್ಕೊಳ್ಳಿ. ಉಳಿದದ್ದು ಮಧ್ಯಾಹ್ನ ಬರೀತೀನಿ, ಕೈಯೆಲ್ಲ ಗ್ರೀಸು.

ಲೇಹ್ ರಿಟರ್ನ್
ಡಿಸೆಂಬರ್ 18, ಬೆಳಿಗ್ಗೆ 10:47

ನಿಮ್ಮ ಅಪ್ಪಯ್ಯನವರ ಮಾತಿಗೆ ಉತ್ತರ ನಾನು ಕೊಡ್ತೀನಿ. ಊರು ಸಾಗರ, ಆದರೆ ಲಡಾಖ್‌ನಲ್ಲಿ ಮೂರು ಚಳಿಗಾಲ ಕಳೆದವನು.

ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತೆ. ಚಳಿ ಜಾಸ್ತಿ ಆದ ಹಾಗೆ ಮೊದಲು ಅಕ್ಕಿ ತೊಳೆದ ನೀರಿನ ಹಾಗೆ ಮಸುಕಾಗುತ್ತೆ, ಆಮೇಲೆ ಆ ಮೇಣ ಫಿಲ್ಟರ್‌ಗೆ ಕಟ್ಟಿಕೊಳ್ಳುತ್ತೆ, ಕೊನೆಗೆ ತುಪ್ಪದ ಹಾಗೆ ಗಟ್ಟಿಯಾಗುತ್ತೆ. ಅಲ್ಲಿ ಲಾರಿ ಡ್ರೈವರ್‌ಗಳು ಡೀಸೆಲ್ ಟ್ಯಾಂಕ್ ಕೆಳಗೆ ಸ್ಟೌ ಹಚ್ಚಿಡೋದನ್ನ ಕಣ್ಣಾರೆ ನೋಡಿದೀನಿ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್‌ನವರು ಲಡಾಖ್‌ಗೆ ಅಂತಲೇ ಬೇರೆ ಡೀಸೆಲ್ ತಂದ್ರು, ಅದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತೆ.

ಹೊಸನಗರದ 12 ಡಿಗ್ರಿಗೆ ಅದೆಲ್ಲ ಆಗಲ್ಲ. ನಂಬಿಕೆ ಇಲ್ಲದಿದ್ರೆ ಹೀಗೆ ಮಾಡಿ. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ರಾತ್ರಿ ಗಾಡಿ ಪಕ್ಕದಲ್ಲೇ ಇಡಿ. ಬೆಳಿಗ್ಗೆ ಬಾಟಲಿಯ ಆಚೆ ಇಟ್ಟ ಪೇಪರಿನ ಅಕ್ಷರ ಓದೋಕೆ ಬಂದ್ರೆ ಡೀಸೆಲ್ ಚೆನ್ನಾಗಿದೆ. ಆದ್ರೆ ಬಾಟಲಿ ತಳದಲ್ಲಿ ಗುಂಡು ಗುಂಡಾಗಿ ನೀರು ಕೂತಿದ್ಯಾ ಅದನ್ನೂ ನೋಡಿ. ನಮ್ಮ ಕಡೆ ಚಳಿಗಿಂತ ನೀರಿನ ಕಾಟವೇ ಜಾಸ್ತಿ.

ಮಂಡಗದ್ದೆ ಹಕ್ಕಿ
ಡಿಸೆಂಬರ್ 18, ಬೆಳಿಗ್ಗೆ 11:30

ಕೊಪ್ಪೆಕಂಬಳಿಯವರೇ, ನೀವು ಹಿರಿಯರು, ಆದ್ರೂ ಈ ಇಳಿಜಾರಿನ ವಿಷಯಕ್ಕೆ ನಾನು ಸುಮ್ಮನಿರಲ್ಲ.

ನಮ್ಮ ಭಾವನವರು ನಿಮ್ಮ ಹಾಗೇ ದಿನಾ ದರೆ ಮೇಲೆ ನಿಲ್ಲಿಸ್ತಿದ್ರು. ಒಂದು ದಿನ ಇಬ್ಬನಿಗೆ ನೆಲ ಜಾರ್ತಿತ್ತು. ಕ್ಲಚ್ ಬಿಟ್ರೆ ಹಿಂದಿನ ಚಕ್ರ ತಿರುಗೋ ಬದಲು ಹಾಗೇ ಜಾರಿಕೊಂಡು ಹೋಯ್ತು, ಎಂಜಿನ್ ಏಳಲೇ ಇಲ್ಲ. ಎಂಜಿನ್ ಇಲ್ಲ ಅಂದ್ರೆ ಪವರ್ ಸ್ಟೇರಿಂಗ್ ಕಲ್ಲು. ಭಾವ ಹಾರಿಕೊಂಡ್ರು, ಗಾಡಿ ಮೂರು ಅಡಿಕೆ ಮರ ಮುರಿದು ಬಸಿಗಾಲುವೆಗೆ ಮಗುಚಿ ಬಿತ್ತು. ಅವರು ಉಳಿದದ್ದೇ ಪುಣ್ಯ. ಆ ಕಾಲುವೆ ಹತ್ತಿರ ಹೋದಾಗ ನನಗೆ ಈಗಲೂ ಹೊಟ್ಟೆ ತೊಳಸುತ್ತೆ.

ಹೈಡ್ರೋಸ್ಟಾಟಿಕ್ ಗೇರ್ (ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸೋದು) ಇರೋ ಗಾಡಿಯಾದ್ರೆ ತಳ್ಳಿ ಸ್ಟಾರ್ಟ್ ಮಾಡೋದು ಸಾಧ್ಯವೇ ಇಲ್ಲ ಅನ್ನೋದೂ ನೆನಪಿರಲಿ.

ಕೊಪ್ಪೆಕಂಬಳಿ
ಡಿಸೆಂಬರ್ 18, ಮಧ್ಯಾಹ್ನ 12:15

ಆಯ್ತು ತಂಗಿ, ಇಳಿಜಾರಿನ ಮಾತು ವಾಪಸ್ ತಗೊಂಡೆ. ಪೆಟ್ರೋಲಿನದ್ದೂ. ಬಿಸಿನೀರಿನದ್ದು ಮಾತ್ರ ಬಿಡಲ್ಲ.

ಹದಿಮೂರರ ಸ್ಪ್ಯಾನರ್
ಡಿಸೆಂಬರ್ 18, ಮಧ್ಯಾಹ್ನ 2:40

ಊಟ ಆಯ್ತು, ಈಗ ಸಾವಧಾನವಾಗಿ ಬರೀತೀನಿ. ಅಡಿಕೆಮರ ಅಣ್ಣ, ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ.

ಮೊದಲನೇದು ಹೊಗೆ. ಸೆಲ್ಫ್ ಹೊಡೆಯುವಾಗ ಹೊಗೆಯೇ ಬರ್ಲಿಲ್ಲ ಅಂದ್ರೆ ಡೀಸೆಲ್ ಸಿಲಿಂಡರ್‌ಗೆ ಹೋಗ್ತಿಲ್ಲ ಅಂತ ಅರ್ಥ. ಆಗ ಸ್ಟಾಪ್ ನಾಬ್, ಡೀಸೆಲ್ ಬಿಡೋ-ತಡೆಯೋ ಸೊಲೆನಾಯ್ಡ್, ಏರ್ ಲಾಕ್ (ಪೈಪಿನಲ್ಲಿ ಸೇರಿಕೊಂಡ ಗಾಳಿ), ಫಿಲ್ಟರ್ ನೋಡ್ಬೇಕು. ನಿಮ್ಮಲ್ಲಿ ದಟ್ಟ ಬಿಳಿ ಹೊಗೆ ಬರ್ತಿದೆ. ಅದು ಉರಿಯದೇ ಆವಿಯಾಗಿ ಹೊರಗೆ ಬಂದ ಡೀಸೆಲ್. ಅಂದ್ರೆ ಪಂಪ್ ಡೀಸೆಲ್ ಕೊಡ್ತಿದೆ, ನಾಝಲ್ ಬಿಡ್ತಿದೆ, ಹತ್ತಿಕೊಳ್ಳೋಕೆ ಬೇಕಾದ ಬಿಸಿ ಮಾತ್ರ ಇಲ್ಲ. ಬಿಸಿಲು ಬಂದ ಮೇಲೆ ಒಂದೇ ಸೆಲ್ಫ್‌ಗೆ ಎದ್ದು ಸಂಜೆವರೆಗೂ ಲೋಡ್ ಎಳೆಯೋ ಗಾಡಿಯ ಪಂಪ್ ಬಿಚ್ಚಿ ಅನ್ನೋರಿಗೆ ನಾನು ಏನೂ ಹೇಳಲ್ಲ, ನಾವು ಒಂದೇ ಕಸುಬಿನವರು.

ಈ ಬಿಸಿ ಎಲ್ಲಿಂದ ಬರುತ್ತೆ? ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿ ಆಗುತ್ತಲ್ಲ, ಅದೇ. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನ ಅಮುಕಿ ಅಮುಕಿ ಇಪ್ಪತ್ತರಲ್ಲೊಂದು ಭಾಗದಷ್ಟು ಜಾಗಕ್ಕೆ ತುರುಕಿದಾಗ ಅದೇ ನೂರಾರು ಡಿಗ್ರಿ ಕಾಯುತ್ತೆ, ಅದಕ್ಕೆ ಡೀಸೆಲ್ ಚಿಮ್ಮಿಸಿದ್ರೆ ತಾನಾಗೇ ಹತ್ತಿಕೊಳ್ಳುತ್ತೆ. ಎಂಜಿನ್ ಕಬ್ಬಿಣ ತಣ್ಣಗಿದ್ರೆ ಆ ಬಿಸಿಯನ್ನ ಗೋಡೆಯೇ ಕುಡಿದುಬಿಡುತ್ತೆ. ಸೆಲ್ಫ್ ನಿಧಾನ ತಿರುಗಿದ್ರೆ ಕುಡಿಯೋಕೆ ಇನ್ನೂ ಜಾಸ್ತಿ ಸಮಯ ಸಿಗುತ್ತೆ, ರಿಂಗ್ ಸಂದಿಯಿಂದ ಗಾಳಿಯೂ ಸೋರುತ್ತೆ.

ಇನ್ನು ದೊಡ್ಡ ಟ್ರ್ಯಾಕ್ಟರ್‌ಗೆ ಹೀಟರ್ ಇಲ್ಲ, ಆದ್ರೂ ಏಳುತ್ತೆ, ನಮ್ಮ ಚಿಕ್ಕದಕ್ಕೆ ಯಾಕೆ ಬೇಕು ಅಂತ ತುಂಬಾ ಜನ ಕೇಳ್ತಾರೆ. ಡಿಐ ಅಂತ ಬರೆದಿರೋ ಗಾಡಿಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆ ಮೇಲೆ ಬೀಳುತ್ತೆ, ಅಲ್ಲಿ ಬಿಸಿ ಕಳೆದುಕೊಳ್ಳೋ ಗೋಡೆ ಕಮ್ಮಿ. ಕೆಲವು ಚಿಕ್ಕ ಎಂಜಿನ್‌ಗಳಲ್ಲಿ, ಕುಬೋಟಾದ 1123 ಸಿಸಿ ಮೂರು ಸಿಲಿಂಡರ್ ಎಂಜಿನ್ ಇದೆಯಲ್ಲ ಆ ಥರದವುಗಳಲ್ಲಿ, ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಒಳಗೆ ಒಂದು ಪುಟ್ಟ ಕೋಣೆ ಇರುತ್ತೆ. ಡೀಸೆಲ್ ಮೊದಲು ಆ ಕೋಣೆಯಲ್ಲಿ ಹತ್ತಿ ಆಮೇಲೆ ಕೆಳಗೆ ಬರುತ್ತೆ. ಇದರಿಂದ ಸದ್ದು ಕಮ್ಮಿ, ಓಟ ನಯ. ಆದ್ರೆ ತಣ್ಣಗಿದ್ದಾಗ ಆ ಕೋಣೆಯ ಗೋಡೆ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತೆ. ಅದಕ್ಕೇ ಒಂದೊಂದು ಕೋಣೆಗೆ ಒಂದೊಂದು ಹೀಟರ್, ಪೆನ್ಸಿಲ್ ಗಾತ್ರದ್ದು.

ಎರಡನೇದು ನಿಮ್ಮ ಡಬ್ ಡಬ್. ಮೂರರಲ್ಲಿ ಒಂದೇ ಹತ್ತುತ್ತಿದೆ. ನನ್ನ ಲೆಕ್ಕದಲ್ಲಿ ಒಂದು ಹೀಟರ್ ಬದುಕಿದೆ, ಎರಡು ಸತ್ತಿವೆ.

ಹೊಸನಗರದ ಅಡಿಕೆಮರ
ಡಿಸೆಂಬರ್ 18, ಮಧ್ಯಾಹ್ನ 3:02

ಆದ್ರೆ ಅಣ್ಣ, ಹೀಟರ್ ಲೈಟ್ ಸರಿಯಾಗಿ ಬಂದು ಸರಿಯಾಗಿ ಆರುತ್ತಲ್ಲ?

ಹದಿಮೂರರ ಸ್ಪ್ಯಾನರ್
ಡಿಸೆಂಬರ್ 18, ಮಧ್ಯಾಹ್ನ 3:10

ಎಲ್ಲರೂ ಮೋಸ ಹೋಗೋದು ಅಲ್ಲೇ. ಇಂಥ ಹೆಚ್ಚಿನ ಗಾಡಿಗಳಲ್ಲಿ ಆ ಲೈಟಿಗೂ ಹೀಟರ್ ಕಾದಿದ್ದಕ್ಕೂ ಸಂಬಂಧ ಇಲ್ಲ. ಟೈಮರ್ ಇಷ್ಟು ಸೆಕೆಂಡ್ ಅಂತ ಎಣಿಸಿ ಆರಿಸುತ್ತೆ. ಮೂರೂ ಹೀಟರ್ ಬಿಚ್ಚಿ ಕಿಸೆಯಲ್ಲಿ ಇಟ್ಕೊಂಡ್ರೂ ಲೈಟ್ ಬರುತ್ತೆ.

ಭದ್ರಾವತಿ ಬಲ್ಬು
ಡಿಸೆಂಬರ್ 18, ಸಂಜೆ 5:25

ಸ್ಪ್ಯಾನರ್ ಹೇಳಿದ್ದು ಸರಿ, ಆದ್ರೆ "ಎಳೆದೂ ಎಳೆದೂ ತಿರುಗುತ್ತೆ" ಅಂತ ಬರೆದದ್ದನ್ನ ಅವರು ಹಾರಿಸಿಬಿಟ್ರು. ಎಲೆಕ್ಟ್ರಿಷಿಯನ್ ಕಣ್ಣಿಗೆ ಮೊದಲು ಬೀಳೋದೇ ಅದು. ಒಂದು ಮಲ್ಟಿಮೀಟರ್ ತಗೊಳ್ಳಿ, ಕಡಿಮೆ ಬೆಲೆಯದ್ದಾದ್ರೂ ಸಾಕು. ನಾಳೆ ಬೆಳಿಗ್ಗೆ ಕೀ ಮುಟ್ಟೋ ಮೊದಲು ಮತ್ತು ಸೆಲ್ಫ್ ಹೊಡೆಯುವಾಗ ನಾಲ್ಕು ಅಳತೆ ಮಾಡಿ ಇಲ್ಲಿ ಹಾಕಿ.

ಗಾಡಿ ಸುಮ್ಮನಿದ್ದಾಗ ಬ್ಯಾಟರಿ ವೋಲ್ಟ್. 12.6 ಇದ್ರೆ ತುಂಬಿದೆ, 12.2ಕ್ಕೆ ಹೆಚ್ಚುಕಮ್ಮಿ ಅರ್ಧ, 12ಕ್ಕೆ ಬಂದಿದ್ರೆ ಖಾಲಿ ಅಂತಲೇ ಇಟ್ಕೊಳ್ಳಿ. ಆಮೇಲೆ ಇನ್ನೊಬ್ಬರನ್ನ ಕೂರಿಸಿ ಸೆಲ್ಫ್ ಹೊಡೆಸಿ, ಆಗ ಎಷ್ಟಕ್ಕೆ ಇಳಿಯುತ್ತೆ ನೋಡಿ. ಒಂಬತ್ತೂವರೆಗಿಂತ ಕೆಳಗೆ ಹೋಗ್ಬಾರದು. ಮೂರನೇದು ಬಹಳ ಜನ ಮಾಡಲ್ಲ: ಮೀಟರಿನ ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್‌ನ ಪೇಂಟ್ ಇಲ್ಲದ ಬೋಲ್ಟ್‌ಗೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದ್ರೆ ಅರ್ಥಿಂಗ್, ಅಂದ್ರೆ ಬ್ಯಾಟರಿ ನೆಗೆಟಿವ್‌ನಿಂದ ಗಾಡಿ ಮೈಗೆ ಇರೋ ಜೋಡಣೆ, ಕೆಟ್ಟಿದೆ. ಕೊನೇದು, ಹೀಟರ್‌ಗಳ ಓಮ್. ಮೇಲೆ ಜೋಡಿಸಿರೋ ಪಟ್ಟಿ ಬಿಚ್ಚಿ ಒಂದೊಂದನ್ನೇ ಅಳೀಬೇಕು, ಇಲ್ಲದಿದ್ರೆ ಬದುಕಿರೋ ಒಂದರ ಅಳತೆಯನ್ನೇ ಮೂರಕ್ಕೂ ತೋರಿಸುತ್ತೆ. ಮೊದಲು ಎರಡು ಮುಳ್ಳನ್ನೂ ಒಂದಕ್ಕೊಂದು ಮುಟ್ಟಿಸಿ ನೋಡಿ. ಅಗ್ಗದ ಮೀಟರ್ ಆಗಲೇ ಅರ್ಧ ಓಮ್ ತೋರಿಸುತ್ತೆ, ಅದನ್ನ ಕಳೀಬೇಕು. ಉಳಿದದ್ದು ಒಂದು ಓಮ್ ಆಸುಪಾಸು ಇದ್ರೆ ಹೀಟರ್ ಸರಿ ಇದೆ.

ಮಿಶಿಗನ್ ಮಾಣಿ
ಡಿಸೆಂಬರ್ 18, ರಾತ್ರಿ 8:50

ಇಲ್ಲಿ ಈಗ ಬೆಳಿಗ್ಗೆ, ಹೊರಗೆ ಮೈನಸ್ 9. ಆಫೀಸಿಗೆ ಹೊರಡೋ ಮೊದಲು ಇದನ್ನ ಓದ್ತಾ ನಗು ಬಂತು, ತಪ್ಪು ತಿಳ್ಕೋಬೇಡಿ. 12 ಡಿಗ್ರಿ ಅಂದ್ರೆ ಇಲ್ಲಿ ಜನ ಚಡ್ಡಿ ಹಾಕ್ಕೊಂಡು ಓಡಾಡ್ತಾರೆ.

ನಮ್ಮ ಪಕ್ಕದ ಮನೆಯವರು ಹಿಮ ತಳ್ಳೋಕೆ ಅಂತಲೇ ಮಿನಿ ಟ್ರ್ಯಾಕ್ಟರ್ ಇಟ್ಟಿದ್ದಾರೆ. ಎಂಜಿನ್ ಬ್ಲಾಕ್‌ನಲ್ಲೇ ಒಂದು ಕರೆಂಟ್ ಹೀಟರ್, ನಮ್ಮ ಇಮ್ಮರ್ಶನ್ ಕಾಯಿಲ್ ಹಾಗೆ, ಕೂಲೆಂಟ್ ಬಿಸಿ ಮಾಡುತ್ತೆ. ಸ್ಟಾರ್ಟ್ ಮಾಡೋ ಎರಡು ಮೂರು ಗಂಟೆ ಮೊದಲು ಪ್ಲಗ್ ಹಾಕ್ತಾರೆ. ತೆಳು ಎಂಜಿನ್ ಆಯಿಲ್, ಡೀಸೆಲ್ ಹೆಪ್ಪುಗಟ್ಟದ ಹಾಗೆ ಔಷಧಿ, ಬಂಕ್‌ನಲ್ಲೇ ಚಳಿಗಾಲದ ಡೀಸೆಲ್. ಅಷ್ಟೆಲ್ಲ ಊರಲ್ಲಿ ಬೇಡವೇ ಬೇಡ. 12 ಡಿಗ್ರಿಗೆ ಏಳದ ಗಾಡಿಯಲ್ಲಿ ಬೇರೇನೋ ಕೆಟ್ಟಿದೆ ಅಂತ ಇಲ್ಲಿಯವರೂ ಹೇಳ್ತಾರೆ.

ಕೊಪ್ಪೆಕಂಬಳಿ
ಡಿಸೆಂಬರ್ 18, ರಾತ್ರಿ 9:15

ಮಾಣೀ, ಅಲ್ಲಿ ಅಡಿಕೆ ಬೆಳೆಯುತ್ತಾ? ಇಲ್ಲ ತಾನೇ. ಸುಮ್ನೆ ಹಿಮ ತಳ್ಳು.

ಹೊಸನಗರದ ಅಡಿಕೆಮರ
ಡಿಸೆಂಬರ್ 19, ಬೆಳಿಗ್ಗೆ 9:55

ಅಳತೆ ಮಾಡಿದೆ. ತಂಗಿ ಸೆಲ್ಫ್ ಹೊಡೆದಳು, ನಾನು ಮೀಟರ್ ಹಿಡಿದೆ.

ಸುಮ್ಮನಿದ್ದಾಗ 12.3. ಸೆಲ್ಫ್ ಹೊಡೆಯುವಾಗ 9.1ಕ್ಕೆ ಇಳೀತು. ನೆಗೆಟಿವ್ ಕಂಬದಿಂದ ಎಂಜಿನ್‌ಗೆ 1.4 ವೋಲ್ಟ್!

ಬಾಟಲಿ ಪರೀಕ್ಷೆಯೂ ಆಯ್ತು. ಡೀಸೆಲ್ ತಿಳಿಯಾಗಿದೆ, ಆಚೆ ಇಟ್ಟ ಪೇಪರಿನಲ್ಲಿ ಅಡಿಕೆ ಧಾರಣೆ ಓದೋಕೆ ಬಂತು. ಅಪ್ಪಯ್ಯನಿಗೆ ತೋರಿಸಿದೆ, "ಬಾಟಲಿಯಲ್ಲಿ ಆಗದಿದ್ರೆ ಪೈಪಿನಲ್ಲಿ ಆಗಿರುತ್ತೆ" ಅಂದ್ರು. ತಳದಲ್ಲಿ ಒಂದು ಚಮಚದಷ್ಟು ನೀರು ಇತ್ತು, ಅದು ನಿಜ.

ಹೀಟರ್ ಪಟ್ಟಿಯ ಮೇಲೆ ರಬ್ಬರ್ ಮುಚ್ಚಳ ಇದೆ, ಅದರ ಕೆಳಗೆ ಹಸಿರು ಪುಡಿ ಕಟ್ಟಿ ನಟ್ಟೇ ಕಾಣಿಸ್ತಿಲ್ಲ. ಸಂಜೆ ಬಿಚ್ತೀನಿ.

ಭದ್ರಾವತಿ ಬಲ್ಬು
ಡಿಸೆಂಬರ್ 19, ಬೆಳಿಗ್ಗೆ 10:20

ಸಿಕ್ತು ನೋಡಿ. 1.4 ವೋಲ್ಟ್ ಅರ್ಥಿಂಗ್‌ನಲ್ಲೇ ಸೋರಿಹೋಗ್ತಿದೆ. ಸೆಲ್ಫ್ ಮೋಟಾರಿಗೆ ಸಿಗ್ತಿರೋದು ಏಳೂವರೆ ಚಿಲ್ಲರೆ ಅಷ್ಟೇ, ಪಾಪ ಅದು ಹೇಗೆ ಜೋರಾಗಿ ತಿರುಗುತ್ತೆ? ಹೊಸ ಬ್ಯಾಟರಿ ಹಾಕಿದ್ರೂ ಇದೇ ಕಥೆ.

ನೆಗೆಟಿವ್ ಕೇಬಲ್ ಚಾಸಿಗೆ ಸೇರೋ ಜಾಗದ ಬೋಲ್ಟ್ ಬಿಚ್ಚಿ. ಅಲ್ಲಿ ಪೇಂಟು, ತುಕ್ಕು, ಕೆಸರು ಮೂರೂ ಸಿಗುತ್ತೆ. ಎಮರಿ ಪೇಪರ್‌ನಿಂದ ಬೆಳ್ಳಗೆ ಹೊಳೆಯೋ ಹಾಗೆ ಉಜ್ಜಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿ ಕಂಬದ ಮೇಲಿನ ಬಿಳಿ ಹೂವಿಗೆ ಬಿಸಿನೀರಲ್ಲಿ ಅಡಿಗೆ ಸೋಡಾ ಕಲಸಿ ಹಾಕಿದ್ರೆ ಬುಸ್ ಅಂತ ನೊರೆ ಬಂದು ಹೋಗುತ್ತೆ. ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿ ಇರಲಿ.

ಮಂಡಗದ್ದೆ ಹಕ್ಕಿ
ಡಿಸೆಂಬರ್ 19, ಮಧ್ಯಾಹ್ನ 1:05

ಬ್ಯಾಟರಿ 12.3 ಯಾಕೆ ಬಂತು ಅನ್ನೋದು ನನಗೆ ಗೊತ್ತು, ನಮ್ಮ ಮನೆಯಲ್ಲೂ ಅದೇ.

ಬಯಲುಸೀಮೆಯಲ್ಲಿ ಬೆಳಿಗ್ಗೆ ಒಂದು ಸಲ ಸ್ಟಾರ್ಟ್ ಮಾಡಿದ್ರೆ ಸಂಜೆವರೆಗೂ ಉಳ್ತಾರೆ. ನಾವೇನು ಮಾಡ್ತೀವಿ? ತೋಟದಿಂದ ಮನೆಗೆ ಮುನ್ನೂರು ಮೀಟರ್. ಟ್ರೈಲರ್ ತುಂಬೋವರೆಗೆ ಆಫ್, ಮೇಲೆ ತಂದು ಅಂಗಳದಲ್ಲಿ ಸುರಿಯೋವರೆಗೆ ಆಫ್. ಕೊಯ್ಲಿನ ದಿನ ನಾನೇ ಒಂದು ಸಲ ಎಣಿಸಿದೆ, ಹದಿನೇಳು ಸಲ ಸ್ಟಾರ್ಟ್ ಮಾಡಿದ್ದೆ. ಒಂದೊಂದು ಸಲ ಓಡೋದು ಐದಾರು ನಿಮಿಷ. ಸೆಲ್ಫು, ಹೀಟರು ಎಲ್ಲ ಸೇರಿ ಎಳೆದ ಕರೆಂಟ್ ವಾಪಸ್ ತುಂಬೋಕೆ ಡೈನಮೋಗೆ ಸಮಯವೇ ಸಿಗಲ್ಲ. ಮೇಲಿಂದ ಸಂಜೆ ಸುಲಿಯೋ ಚಪ್ಪರಕ್ಕೆ ಅಂತ ಅದೇ ಬ್ಯಾಟರಿಯಿಂದ ಒಂದು ಲೈಟು!

ನಾನು ಈಗ ಎರಡು ಮೂರು ದಿನಕ್ಕೊಮ್ಮೆ ರಾತ್ರಿ ಚಾರ್ಜರ್‌ಗೆ ಹಾಕ್ತೀನಿ. ಕರೆಂಟ್ ಇದ್ರೆ. ಎಂಜಿನ್ ಬಿಸಿ ಇದ್ದಾಗ ಪ್ರತಿ ಸಲ ಹೀಟರ್ ಕಾಯಿಸೋದನ್ನೂ ಬಿಟ್ಟೆ.

ಟಿಲ್ಲರ್ ಪ್ರಿಯ
ಡಿಸೆಂಬರ್ 19, ಮಧ್ಯಾಹ್ನ 1:40

ಹ್ಯಾಂಡಲ್ ಹಾಕೋ ಟಿಲ್ಲರ್‌ಗೆ ಈ ಯಾವ ಗೋಳೂ ಇಲ್ಲ. ಸಿಲಿಂಡರ್ ಒಳಗಿನ ಒತ್ತಡ ಬಿಡೋ ಡಿಕಂಪ್ರೆಶನ್ ಲಿವರ್ ಎತ್ತು, ಜೋರಾಗಿ ತಿರುಗಿಸು, ಬಿಡು, ಡುಗುಡುಗು. ಒಂದೇ ಎಚ್ಚರ, ಹೆಬ್ಬೆರಳನ್ನೂ ಉಳಿದ ನಾಲ್ಕು ಬೆರಳಿನ ಕಡೆಗೇ ಇಟ್ಕೊಂಡು ಹ್ಯಾಂಡಲ್ ಹಿಡಿಯೋದು. ಹಿಂದಕ್ಕೆ ಒದ್ದರೆ ಮಣಿಕಟ್ಟು ಉಳಿಯುತ್ತೆ. ನನ್ನ ಎಡಗೈ ಸ್ವಲ್ಪ ಸೊಟ್ಟ ಯಾಕಿದೆ ಅಂತ ಈಗ ಗೊತ್ತಾಯ್ತಲ್ಲ.

ಹೊಸನಗರದ ಅಡಿಕೆಮರ
ಡಿಸೆಂಬರ್ 19, ರಾತ್ರಿ 8:30

ಸ್ಪ್ಯಾನರ್ ಅಣ್ಣ, ನಿಮ್ಮ ಬಾಯಿಗೆ ಸಕ್ಕರೆ. ಪಟ್ಟಿ ಬಿಚ್ಚಿ ಅಳೆದೆ. ಮುಳ್ಳು ಮುಳ್ಳು ಮುಟ್ಟಿಸಿದಾಗ 0.4. ಮೊದಲನೇ ಹೀಟರ್ 1.4, ಅಂದ್ರೆ ಒಂದು ಓಮ್. ಎರಡನೇದು, ಮೂರನೇದು ಮೀಟರ್ ಅಲ್ಲಾಡಲೇ ಇಲ್ಲ, ಓಪನ್, ಅಂದ್ರೆ ಒಳಗೆ ಕಡಿದಿದೆ.

ಅರ್ಥಿಂಗ್ ಬೋಲ್ಟ್ ಕೆಳಗೆ ಕೆಂಪು ಮಣ್ಣು ಇಟ್ಟಿಗೆ ಹಾಗೆ ಕೂತಿತ್ತು. ಮಳೆಗಾಲ ನಾಲ್ಕು ತಿಂಗಳು ಗಾಡಿ ಕೊಟ್ಟಿಗೆ ಮಾಡಿನ ಕೆಳಗೆ ನಿಂತಿದ್ದು, ಎರಚಲು ಹೊಡೆದಿದೆ. ಉಜ್ಜಿದ ಮೇಲೆ ಆ 1.4 ವೋಲ್ಟ್ 0.2ಕ್ಕೆ ಇಳೀತು. ಸೆಲ್ಫ್ ಸದ್ದೇ ಬೇರೆ ಆಗಿದೆ!

ಹೀಟರ್ ನಾನೇ ಬಿಚ್ಚಬಹುದಾ?

ಹದಿಮೂರರ ಸ್ಪ್ಯಾನರ್
ಡಿಸೆಂಬರ್ 19, ರಾತ್ರಿ 9:10

ಬಿಚ್ಚಬಹುದು, ಆದ್ರೆ ಅವಸರ ಬೇಡ. ಇದು ನಟ್ ಬೋಲ್ಟ್ ಹಾಗಲ್ಲ, ಹೀಟರ್ ಮೈ ತೆಳು. ಬಲ ಹಾಕಿ ಮುರಿದ್ರೆ ತುಂಡು ಒಳಗೆ ಉಳಿಯುತ್ತೆ, ಹೆಡ್ ಇಳಿಸಬೇಕಾಗುತ್ತೆ. ಅಲ್ಲಿಗೆ ಹದಿನೆಂಟು ಸಾವಿರದ ಮೆಕ್ಯಾನಿಕ್ ಮಾತು ನಿಜ ಆದ ಹಾಗೆ.

ಇವತ್ತು ರಾತ್ರಿಯೇ ಬುಡಕ್ಕೆ ತುಕ್ಕು ಬಿಡಿಸೋ ಎಣ್ಣೆ ಹಾಕಿ ಬಿಡಿ. ನಾಳೆ ಗಾಡಿ ಒಂದು ಗಂಟೆ ಕೆಲಸ ಮಾಡಿ ಬಂದ ಮೇಲೆ, ಎಂಜಿನ್ ಬಿಸಿ ಇರುವಾಗಲೇ ಬಿಚ್ಚಿ. ಉದ್ದ ಹಿಡಿಯ ರ‍್ಯಾಚೆಟ್ ಬೇಡ, ಚಿಕ್ಕದು ಸಾಕು. ಕಾಲು ಸುತ್ತು ಬಿಡಿಸಿ, ಅಷ್ಟೇ ಬಿಗಿಸಿ, ಮತ್ತೆ ಎಣ್ಣೆ, ಮತ್ತೆ ಬಿಡಿಸಿ. ಕಚ್ಚಿಕೊಂಡಿದೆ ಅನ್ನಿಸಿದ್ರೆ ಅಲ್ಲೇ ನಿಲ್ಲಿಸಿ ನನಗೆ ಫೋಟೋ ಹಾಕಿ.

ತರುವಾಗ ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ. ಉದ್ದ, ತಿರುಪಿನ ಮರೆ (ಥ್ರೆಡ್), ವೋಲ್ಟ್ ಮೂರೂ ಹೊಂದಬೇಕು. ಎರಡು ಸತ್ತಿದ್ರೂ ಮೂರೂ ಬದಲಾಯಿಸಿ, ಮೂರನೇದಕ್ಕೂ ಅದೇ ವಯಸ್ಸು. ಅಂದ ಹಾಗೆ ಎಂಜಿನ್ ಆಯಿಲ್ ಯಾವುದು ಹಾಕಿದೀರಿ?

ಹೊಸನಗರದ ಅಡಿಕೆಮರ
ಡಿಸೆಂಬರ್ 19, ರಾತ್ರಿ 9:18

ಬಂಕ್‌ನಲ್ಲಿ ಸಿಕ್ಕಿದ್ದು, 20ಡಬ್ಲ್ಯೂ40.

ಹದಿಮೂರರ ಸ್ಪ್ಯಾನರ್
ಡಿಸೆಂಬರ್ 19, ರಾತ್ರಿ 9:31

ಗಾಡಿ ಪುಸ್ತಕದಲ್ಲಿ ಏನು ಬರೆದಿದೆ ನೋಡಿ ಅದನ್ನೇ ಹಾಕಿ, ಇಂಥ ಬಹುತೇಕ ಗಾಡಿಗೆ 15ಡಬ್ಲ್ಯೂ40 ಇರುತ್ತೆ. ಮೊದಲ ಅಂಕಿ ಕಮ್ಮಿ ಆದಷ್ಟೂ ಚಳಿಯಲ್ಲಿ ಎಣ್ಣೆ ತೆಳು, ಸೆಲ್ಫ್‌ಗೆ ಹಗುರ. ನಿಮ್ಮ ತೊಂದರೆಗೆ ಅದೊಂದೇ ಕಾರಣ ಅಲ್ಲ, ಮುಂದಿನ ಸರ್ವಿಸ್‌ಗೆ ಬದಲಾಯಿಸಿದ್ರೆ ಸಾಕು.

ಬಿಸಿನೀರಿನ ಬಗ್ಗೆ ಹಿರಿಯರಿಗೆ ಒಂದು ಮಾತು. ಆಗ ಬರೀ ನೀರು ಹಾಕ್ತಿದ್ರಿ, ಬಿಟ್ಟು ತುಂಬಿಸಿದ್ರೆ ನಡೀತಿತ್ತು. ಈಗ ಕೂಲೆಂಟ್ ಇರುತ್ತೆ. ನಮ್ಮಲ್ಲಿ ಅದು ಹೆಪ್ಪುಗಟ್ಟದಿರಲಿ ಅಂತ ಅಲ್ಲ, ಒಳಗೆ ತುಕ್ಕು ಹಿಡಿಯದಿರಲಿ ಅಂತ. ದಿನಾ ಬಿಟ್ಟು ಹಳ್ಳದ ನೀರು ತುಂಬಿಸಿದ್ರೆ ಎರಡು ವರ್ಷಕ್ಕೆ ರೇಡಿಯೇಟರ್ ತೂತು. ಅರ್ಜೆಂಟ್ ಇದ್ದ ದಿನ ಬಟ್ಟೆಯನ್ನ ಬಿಸಿನೀರಲ್ಲಿ ಅದ್ದಿ ಹಿಂಡಿ ಇಂಟೇಕ್ ಮ್ಯಾನಿಫೋಲ್ಡ್‌ಗೆ ಸುತ್ತಿ, ತಪ್ಪೇನಿಲ್ಲ. ಡೀಸೆಲ್ ಪಂಪ್ ಮೇಲೆ ಮಾತ್ರ ಕುದಿಯೋ ನೀರು ಸುರಿಬೇಡಿ. ಒಳಗಿನ ಪ್ಲಂಜರ್ ಕೂದಲಿನ ದಪ್ಪಕ್ಕಿಂತ ಎಷ್ಟೋ ಕಮ್ಮಿ ಸಂದಿಯಲ್ಲಿ ಓಡಾಡುತ್ತೆ, ಹೊರಗೆ ಒಮ್ಮೆಗೇ ಕಾದ್ರೆ ಹಿಡಿದುಕೊಳ್ಳಬಹುದು.

ಕೊಪ್ಪೆಕಂಬಳಿ
ಡಿಸೆಂಬರ್ 20, ಬೆಳಿಗ್ಗೆ 6:20

ಬಟ್ಟೆಯಾದ್ರೂ ಬಿಸಿನೀರು ಬಿಸಿನೀರೇ. ನನ್ನ ಮಾತು ನಿಲ್ತು.

ಲೇಹ್ ರಿಟರ್ನ್
ಡಿಸೆಂಬರ್ 20, ಬೆಳಿಗ್ಗೆ 11:00

ಆ ಒಂದು ಚಮಚ ನೀರನ್ನ ಮರೀಬೇಡಿ. ಫಿಲ್ಟರ್ ಕೆಳಗಿನ ಬಟ್ಟಲಿನ ತಿರುಪು ಸಡಿಲಿಸಿ ನೀರು ಹೋಗಿ ಡೀಸೆಲ್ ಬರೋವರೆಗೂ ಬಿಡಿ, ಆಮೇಲೆ ಪೈಪಿನಲ್ಲಿ ಸೇರಿಕೊಂಡ ಏರ್ ತೆಗೀರಿ. ಆಗುಂಬೆ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ, ಹೊಸನಗರವೂ ಏನು ಕಮ್ಮಿ ಇಲ್ಲ. ಟ್ಯಾಂಕ್ ಅರ್ಧ ಖಾಲಿ ಇದ್ರೆ ಉಳಿದರ್ಧ ತುಂಬಿರೋದು ಹಸಿ ಗಾಳಿ, ರಾತ್ರಿ ತಣ್ಣಗಾದಾಗ ಅದೇ ನೀರಾಗಿ ಗೋಡೆಗೆ ಇಳಿಯುತ್ತೆ. ಸಂಜೆ ಕೆಲಸ ಮುಗಿಸಿ ಟ್ಯಾಂಕ್ ತುಂಬಿಸಿಟ್ಟು ಮಲಗಿ.

ಹೊಸನಗರದ ಅಡಿಕೆಮರ
ಡಿಸೆಂಬರ್ 23, ಬೆಳಿಗ್ಗೆ 7:25

ಮೂರು ದಿನ ಬರೀಲಿಲ್ಲ, ಕ್ಷಮಿಸಿ. ಅಡಿಕೆ ಬೇಯಿಸೋ ಗಡಿಬಿಡಿ.

ಹೀಟರ್ ಎರಡು ಸಲೀಸಾಗಿ ಬಂದ್ವು. ಮೂರನೇದು ಕಚ್ಚಿಕೊಂಡಿತ್ತು. ಸ್ಪ್ಯಾನರ್ ಅಣ್ಣ ಹೇಳಿದ ಹಾಗೆ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ, ಒಂದು ಗಂಟೆ ಕೂತೆ. ಮಧ್ಯದಲ್ಲಿ "ಟಕ್" ಅಂತ ಸದ್ದು ಬಂತು ನೋಡಿ, ಎದೆ ಧಸಕ್ಕಂತು. ಮುರಿದಿರಲಿಲ್ಲ, ಬಿಟ್ಟುಕೊಂಡಿತ್ತು. ತುದಿ ಊದಿಕೊಂಡು ಕರೀ ಮಸಿ ಮೆತ್ತಿತ್ತು. ಶಿವಮೊಗ್ಗದಲ್ಲಿ ಎರಡು ಅಂಗಡಿ ತಿರುಗಿ ಮೂರೂ ಹೊಸದು ತಂದೆ, ಎರಡು ಸಾವಿರದೊಳಗೆ ಮುಗೀತು.

ಹಾಕೋ ಮೊದಲು ಒಂದನ್ನ ಇಕ್ಕಳದಲ್ಲಿ ಹಿಡಿದು ಬ್ಯಾಟರಿಗೆ ಜಂಪರ್ ಕೊಟ್ಟು ನೋಡಿದೆ. ಐದಾರು ಸೆಕೆಂಡಿಗೆ ತುದಿ ಬಚ್ಚಲೊಲೆ ಕೆಂಡದ ಹಾಗೆ ಕೆಂಪಗಾಯ್ತು. ಅಪ್ಪಯ್ಯ ಅದನ್ನ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ಆರೂ ಮುಕ್ಕಾಲು, ಥರ್ಮಾಮೀಟರ್ ಹನ್ನೊಂದೂವರೆ, ತೋಟದ ಕಡೆ ಮಂಜಿಗೆ ಏನೂ ಕಾಣ್ತಿರಲಿಲ್ಲ. ಕ್ಲಚ್ ಪೂರ್ತಿ ತುಳಿದೆ, ಅರ್ಧ ಆಕ್ಸಿಲರೇಟರ್, ಹೀಟರ್ ಹತ್ತು ಎಣಿಸಿದೆ, ಸೆಲ್ಫ್. ಎರಡು ಸುತ್ತು ತಿರುಗಿತೋ ಇಲ್ಲವೋ, ಎದ್ದೇಬಿಡ್ತು. ಒಂಚೂರು ಬಿಳಿ ಹೊಗೆ ಬಂದು ನಿಂತುಹೋಯ್ತು. ಕೊನೆ ತೆಗೆಯೋರು ಇನ್ನೂ ಬಂದಿರಲಿಲ್ಲ, ಈ ಸಲ ಕಾಯೋ ಸರದಿ ನನ್ನದು.

ಅಪ್ಪಯ್ಯ ಮಾತ್ರ ಹೊಸ ಡೀಸೆಲ್ ಹಾಕಿಸಿದ್ದಕ್ಕೆ ಎದ್ದಿದೆ ಅಂತ ಪಕ್ಕದ ಮನೆಯವರಿಗೆ ಹೇಳ್ತಿದ್ದಾರೆ.

ಹದಿಮೂರರ ಸ್ಪ್ಯಾನರ್
ಡಿಸೆಂಬರ್ 23, ಬೆಳಿಗ್ಗೆ 8:00

ಸಂತೋಷ ಅಣ್ಣ. ಎದ್ದ ಕೂಡಲೇ ರೇಸ್ ಕೊಡಬೇಡಿ, ಎಣ್ಣೆ ಮೇಲೆ ಹತ್ತೋಕೆ ಎರಡು ಮೂರು ನಿಮಿಷ ಬಿಡಿ. ಹಾಗಂತ ಅರ್ಧ ಗಂಟೆ ಸುಮ್ನೆ ಉರಿಸಲೂಬೇಡಿ. ಯಾವತ್ತಾದ್ರೂ ಒಂದೇ ಸಲಕ್ಕೆ ಏಳದಿದ್ರೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಒತ್ತಬಾರದು, ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಸೆಲ್ಫ್ ಮೋಟಾರ್ ಸುಟ್ಟರೆ ಹೀಟರ್ ಬೆಲೆಗೆ ಬರಲ್ಲ.

ಮಂಡಗದ್ದೆ ಹಕ್ಕಿ
ಡಿಸೆಂಬರ್ 23, ಬೆಳಿಗ್ಗೆ 8:45

ಇದನ್ನೆಲ್ಲ ಓದಿ ನಾನೂ ಇವತ್ತು ನಮ್ಮ ಗಾಡಿ ನೋಡಿದೆ. ನಮ್ಮದರಲ್ಲಿ ಹೀಟರ್ ಲೈಟೇ ಬರ್ತಿಲ್ಲ! ಹೋದ ವಾರ ಬರ್ತಿತ್ತು. ಫ್ಯೂಸ್ ಸರಿ ಇದೆ. ಇನ್ನೇನು ನೋಡ್ಲಿ?

ಹದಿಮೂರರ ಸ್ಪ್ಯಾನರ್
ಡಿಸೆಂಬರ್ 23, ಬೆಳಿಗ್ಗೆ 8:52

ಅಕ್ಕಾ, ಡ್ಯಾಶ್ ಕೆಳಗೆ ಟಾರ್ಚ್ ಹಾಕಿ ನೋಡಿ. ವೈರು ಕಡಿದಿದ್ಯಾ?

ಮಂಡಗದ್ದೆ ಹಕ್ಕಿ
ಡಿಸೆಂಬರ್ 23, ಬೆಳಿಗ್ಗೆ 9:30

ವೈರು ಕಡಿದಿದೆ. ಒಂದು ಹಿಡಿ ಅಡಿಕೆ ಸಿಪ್ಪೆ, ನಮ್ಮ ಅತ್ತೆಯ ಹಳೇ ಸೀರೆ ಚೂರು, ಕಣ್ಣು ಬಿಡದ ನಾಲ್ಕು ಇಲಿ ಮರಿ ಇವೆ. ಮಗ ಮುಟ್ಟೋಕೆ ಬಿಡ್ತಿಲ್ಲ. ಇವತ್ತಿಗೆ ನಮ್ಮನೆ ಅಡಿಕೆ ತಲೆ ಮೇಲೆಯೇ ಬರಬೇಕು.